ಐದನೆಯ ಗುಂಡು

ಮಾರ್ಚ್ ೧೪, ಶುಕ್ರವಾರ

ನನ್ನ ಹಠಮಾರಿಗೆ,

ಒಕ್ಕಣ್ಣನ ನೆನಪುಗಳು. ಈ ಹೆಸರಿಟ್ಟವಳು ನೀನೇ, ಹಾಗಾಗಿ ಗುರುತು ಸಿಕ್ಕಿರುತ್ತದೆ. ಐದು ವರ್ಷ ಒಂದು ಸಾಲೂ ಬರೆಯದ ಗಂಡ ಈಗೆಲ್ಲಿಂದ ವಕ್ಕರಿಸಿದ ಎಂದು ಹುಬ್ಬು ಗಂಟಿಕ್ಕಬೇಡ. ಹರಿದು ಹಾಕುವುದಾದರೂ ಪೂರ್ತಿ ಓದಿ ಹರಿ. ಮೊದಲು ಕ್ಷೇಮ ಎಂದು ಬರೆಯಬೇಕಲ್ಲ. ಊಟ, ನಿದ್ದೆಯ ಮಟ್ಟಿಗೆ ಅದು ನಿಜವೇ.

ಭಾನುವಾರ ನಿಮ್ಮಕ್ಕ ಫೋನ್ ಮಾಡಿದ್ದರು. ಮಗಳಿಗೆ ಹೆಣ್ಣು ಮಗುವಾದ ಸುದ್ದಿ ಹೇಳಿ, ಆಮೇಲೆ ದನಿ ತಗ್ಗಿಸಿ ನಿನ್ನ ವಿಷಯ ತೆಗೆದರು. ಮಗುವನ್ನು ನಿನ್ನ ತೋಳಿಗೆ ಕೊಡಲು ಬಂದರೆ ಹಿಂದೆ ಸರಿದೆಯಂತೆ. ನನ್ನ ಕೈ ನಡುಗುತ್ತೆ, ಬೀಳಿಸಿಬಿಟ್ಟರೆ ಏನು ಗತಿ ಅಂದೆಯಂತೆ. ತಿಂಗಳಾದರೂ ಒಂದು ಸಲ ಎತ್ತಿಕೊಂಡಿಲ್ಲವಂತೆ. ಡಾಕ್ಟರು ನೋಡಿ, ಕೈಗೆ ಏನೂ ಆಗಿಲ್ಲ ಎಂದರಂತೆ. ನಿಮ್ಮಕ್ಕನಿಗೆ ಇದರ ತಲೆಬುಡ ಅರ್ಥವಾಗಿಲ್ಲ. ನನಗೆ ಆಯಿತು. ಫೋನ್ ಇಟ್ಟವನು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲ ಹತ್ತಿರವೇ ಬಹಳ ಹೊತ್ತು ಕೂತಿದ್ದೆ.

ಮಂಗಳವಾರ ಕಂಪನಿಗೆ ಹೊಸ ಸ್ಕೋಪ್, ಅದೇ ರೈಫಲ್ ಮೇಲಿನ ಗುರಿ ನೋಡುವ ದುರ್ಬೀನು, ನನ್ನ ಪರೀಕ್ಷೆಗೆ ಬಂತು. ಅರವತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭಾರಿ ಆಸಾಮಿ. ರೈಫಲ್‌ಗೆ ಹತ್ತಿಸುವ ಮೊದಲು ಸ್ಟ್ಯಾಂಡಿಗೆ ಬಿಗಿದು, ಗಾಜು ಎಷ್ಟು ಸ್ವಚ್ಛ ಎಂದು ನೋಡಿದೆ. ಮೈದಾನದ ಆಚೆ ತುದಿಯ ಕಾವಲುಗಾರನ ಕೋಣೆ ಮೂಗಿನ ಮುಂದೆಯೇ ಬಂದು ನಿಂತಿತು. ಗೋಡೆಯ ಕ್ಯಾಲೆಂಡರ್ ಇನ್ನೂ ಫೆಬ್ರವರಿಯಲ್ಲೇ ಇದೆ. ನಗು ಬಂತು. ಮನೆಗೆ ಹೋಗಿ ನಿನಗೆ ಹೇಳಬೇಕು ಅಂದುಕೊಂಡೆ, ಒಂದು ಕ್ಷಣ, ಹಾಗೇ, ಅಭ್ಯಾಸಬಲದಿಂದ. ದಿನವಿಡೀ ಆ ಪರೀಕ್ಷೆಯ ಶೆಡ್ಡಿನಲ್ಲಿ ನಾನು, ಮರಳುಚೀಲಗಳು, ದೂರದಲ್ಲೊಂದು ಗುರಿಯ ಕಾಗದ. ಮನೆಯಲ್ಲಿ ಕಾಗದವೂ ಇಲ್ಲ.

ಆಮೇಲೆ ರೈಫಲ್‌ಗೆ ಹತ್ತಿಸಿದೆ. ಅಷ್ಟು ದೊಡ್ಡದಾಗಿ ಕಂಡರೆ ಏನಾಗುತ್ತದೆ ಗೊತ್ತೇ? ನಮ್ಮ ಎದೆಬಡಿತವೂ ಕಾಣುತ್ತದೆ. ಒಂದೊಂದು ಬಡಿತಕ್ಕೂ ಗಾಜಿನೊಳಗಿನ ಗುರಿಗೆರೆ ಚಿಕ್ಕದಾಗಿ ಕುಣಿಯುತ್ತದೆ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದ ನನ್ನ ಕೈಯೇ ಹೀಗೆ. ಬದುಕಿರುವವರ ಕೈ ಇಷ್ಟು ನಡುಗಿಯೇ ನಡುಗುತ್ತದೆ ಮಾರಾಯ್ತಿ.

ಬೀರುವಿನ ಮೇಲೆ ನೀನು ಬಿಟ್ಟುಹೋದ ಪೆಟ್ಟಿಗೆಯಿಂದ ನಿನ್ನ ಹಳೆಯ ಸ್ಕೋಪನ್ನೂ ಒಯ್ದಿದ್ದೆ. ಎರಡಕ್ಕೂ ಐದು ಗುಂಡಿನ ಪರೀಕ್ಷೆ ಮಾಡಿದೆ. ಗುರಿ ಇಡುವ ಚುಕ್ಕೆ ಒಂದೇ, ಒಂದು ಗುಂಡು ಹೊಡೆದು, ಸ್ಕೋಪಿನ ಗುರಿ ಸರಿಸುವ ತಿರುಪನ್ನು ನಲವತ್ತು ಹಲ್ಲು ಮೇಲಕ್ಕೆ, ಇನ್ನೊಂದು, ನಲವತ್ತು ಬಲಕ್ಕೆ, ಇನ್ನೊಂದು, ನಲವತ್ತು ಕೆಳಕ್ಕೆ, ಇನ್ನೊಂದು, ನಲವತ್ತು ಎಡಕ್ಕೆ. ಹೊರಟಲ್ಲಿಗೇ ಬಂದ ಮೇಲೆ ಐದನೆಯ ಗುಂಡು ಮೊದಲನೆಯ ತೂತಿನಲ್ಲೇ ಬೀಳಬೇಕು. ಹೊಸದರಲ್ಲಿ ಬಿತ್ತು. ನಿನ್ನದರಲ್ಲಿ ಬೀಳಲಿಲ್ಲ. ಎರಡು ಬೆರಳಗಲ ಬಲಕ್ಕೆ.

ರೈಫಲ್ ತಂಡದ ಆಯ್ಕೆ ಸ್ಪರ್ಧೆಯಲ್ಲಿ ನೀನು ಸೋತ ದಿನ ಹೇಳಿದ್ದು ಅಕ್ಷರಶಃ ಇದನ್ನೇ. ಗಾಳಿ ಎದ್ದಾಗ ತಿರುಪು ತಿರುಗಿಸಿದೆ, ಗಾಳಿ ಬಿದ್ದಾಗ ಅಷ್ಟೇ ಹಿಂದಕ್ಕೆ ತಿರುಗಿಸಿದೆ, ಆದರೂ ಸ್ಕೋಪ್ ವಾಪಸ್ ಬರಲಿಲ್ಲ ಅಂದೆ. ಕೊನೆಯ ಮೂರು ಗುಂಡುಗಳೂ ಬಲಕ್ಕೆ ಹೋಗಿದ್ದವು. ನಾನು ಕೋಚ್ ಮುಂದೆ, ಸ್ಪರ್ಧೆಗೆ ಬಂದ ಹುಡುಗಿಯರೆಲ್ಲರ ಮುಂದೆ, ಸ್ಕೋಪ್ ಪರೀಕ್ಷಿಸಿ ಸರಿಯಿದೆ ಎಂದು ನನ್ನ ಸಹಿಯಿದೆ, ನಡುಗಿದ್ದು ನಿನ್ನ ಕೈ ಎಂದುಬಿಟ್ಟೆ. ನೀನು ನಿನ್ನ ಕೈಗಳನ್ನೇ ನೋಡಿಕೊಂಡೆ. ನನ್ನ ಹರಿದ ಅಂಗಿ ಹೊಲಿಯುವಾಗ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದವಳು, ಅಂದಿನಿಂದ ಟೀ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದೆ. ರೈಫಲ್ ಮುಟ್ಟಲೇ ಇಲ್ಲ. ಎಂಟು ತಿಂಗಳಿಗೆ ಮನೆಯನ್ನೂ ಬಿಟ್ಟೆ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಸಹಿ ಹಾಕುವ ಮೊದಲು ನಾನು ಆ ಸ್ಕೋಪಿನಲ್ಲಿ ಗುರಿಯಿಟ್ಟು ಒಂದು ಗುಂಡನ್ನೂ ಹೊಡೆದಿರಲಿಲ್ಲ. ಸ್ಪರ್ಧೆಗೆ ಮೊದಲು ನಿನ್ನ ಕೈಗೆ ಕೊಟ್ಟು ಮುಖ ಅರಳುವುದನ್ನು ನೋಡುವ ಆತುರ. ನನ್ನ ಸಹಿಯ ಮಾಲು ಒಂದೂ ವಾಪಸ್ ಬಂದಿಲ್ಲ ಎಂಬ ಜಂಬ ಬೇರೆ. ಇಷ್ಟು ವರ್ಷ ಅದು ಸರಿಯಾಗಿದೆ ಎಂದೇ ನಂಬಿದ್ದೆ. ಮಂಗಳವಾರವಷ್ಟೇ ಕಣ್ಣು ತೆರೆಯಿತು. ಗುಂಡಿನ ಹಾಳೆಯನ್ನು ಇದರ ಜೊತೆಗಿಟ್ಟಿದ್ದೇನೆ, ನೀನೇ ಅಳೆದು ನೋಡು.

ವಾಪಸ್ ಬಾ ಎಂದು ಕೇಳಲು ಯಾವ ಮುಖ ಇದೆ? ಕೇಳುವುದು ಒಂದೇ. ಆ ಮಗುವನ್ನು ಎತ್ತಿಕೋ. ಗೋಡೆಗೆ ಒರಗಿ ಕೂತು ಬೇಕಾದರೆ, ಪಕ್ಕದಲ್ಲಿ ಅಕ್ಕನನ್ನು ಕೂರಿಸಿಕೊಂಡು ಬೇಕಾದರೆ. ಬೀಳಿಸುವುದಿಲ್ಲ ನೀನು. ನಿನ್ನ ಕೈಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಅದರ ಮೇಲೆ ಸುಳ್ಳು ಹೊರಿಸಿದವನೂ ನಾನೇ.

ಇಂತಿ, ಒಂದೇ ಕಣ್ಣಲ್ಲಿ ಲೋಕ ನೋಡಿ ಕೆಟ್ಟ,
ನಿನ್ನ ಒಕ್ಕಣ್ಣ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೂ ಹೋಗಿ, ವಾಪಸ್ ಬಂದು ಬಿಚ್ಚಿದೆ. ಅದಕ್ಕೇ ಅಂಚು ಹರಿದಿದೆ. ಮಂಗಳವಾರದ ಹಾಳೆ ತೆಗೆದು ಬೇರೊಂದನ್ನು ಇಟ್ಟಿದ್ದೇನೆ. ನಿನ್ನ ಸ್ಕೋಪಿನದೇ, ಅದೇ ಐದು ತೂತು, ಅದೇ ಎರಡು ಬೆರಳು. ಹೊಡೆಯುವ ಮೊದಲು ಮೂಲೆಯಲ್ಲಿ ತಾರೀಖು ಬರೆಯುವ ನನ್ನ ಅಭ್ಯಾಸ ನಿನಗೆ ಗೊತ್ತು. ಓದು. ನೀನು ಸೋತ ಮರುದಿನದ್ದು. ಅದನ್ನು ಮಡಚಿ ಜೇಬಿನಲ್ಲಿಟ್ಟು ಮನೆಗೆ ಬಂದಾಗ, ನೀನೇ ಬಾಗಿಲು ತೆರೆದಿದ್ದೆ.