ಗಾಲ್ಫ್ ಕೊಳದಲ್ಲಿ ಗಂಗೆಪೂಜೆ

ಸ್ಟೌಫ್‌ವಿಲ್, ಒಂಟಾರಿಯೊ
೨೯ ಆಗಸ್ಟ್ ೧೯೯೯, ರವಿವಾರ

ಪ್ರೀತಿಯ ತಮ್ಮ ಪ್ರಮೋದನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಹೋಟೆಲಿನ ಪಂಪು, ಬಾಯ್ಲರು ಅಂತ ಬಗ್ಗಿ ಏಳುವುದೇ ನಡೆದಿದೆಯೋ? ಆ ದ್ವೀಪದಲ್ಲಿ ಒಬ್ಬನೇ ಇದ್ದೀ, ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ಬಾಣಂತಿ ಮಗಳು ಅರುಂಧತಿ, ಮೊಮ್ಮಗಳು ಅಕ್ಷರಾ ಇಬ್ಬರೂ ಆರಾಮ. ಕೂಸಿನ ಹಣೆ, ಹುಬ್ಬು ಎಲ್ಲಾ ನಿನ್ನವೇ, ಹಟವೂ ನಿನ್ನದೇ. ಬಾಣಂತನಕ್ಕೆಂದು ಗದಗಿನಿಂದ ಬಂದಿರುವ ನಮ್ಮ ಅತ್ತೆ ಸುಶೀಲವ್ವ ಇಲ್ಲಿಯ ಬಿಸಿಲಿಗೂ ಶಾಲು ಹೊದ್ದು ಕೂರುತ್ತಾರೆ. ನಾನೊಬ್ಬಳೇ ಆರಾಮ ಇಲ್ಲ. ಜ್ವರ ಏನಿಲ್ಲ, ಸಿಟ್ಟು. ಬುಧವಾರದಿಂದ ಇಳಿದಿಲ್ಲ.

ನಮ್ಮ ಬಾವಿ ನಿನಗೆ ಗೊತ್ತು. ಊರ ಪೈಪು ಇನ್ನೂ ನಮ್ಮ ರಸ್ತೆಗೆ ಬಂದಿಲ್ಲ. ಕುಡಿಯಲು, ಅಡಿಗೆಗೆ, ಮೈ ತೊಳೆಯಲು ಎಲ್ಲಕ್ಕೂ ಅದೇ. ಹದಿನೈದು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಹಿತ್ತಲಿನಾಚೆ ಗಾಲ್ಫ್ ಕ್ಲಬ್ಬು ಬಂತು, ಅದಕ್ಕೊಂದು ಮದುವೆ ಹಾಲು ಬಂತು, ಆಳವಾದ ಹೊಸ ಬೋರು ಬಂತು. ಜುಲೈ ಹೊತ್ತಿಗೆ ನಮ್ಮ ನಲ್ಲಿ ಕೆಮ್ಮತೊಡಗಿತು, ಆಮೇಲೆ ಬರೀ ಗಾಳಿ. ಈ ವರ್ಷ ಮಳೆ ಕಡಿಮೆ, ನಾನೂ ಪೇಪರು ಓದುತ್ತೇನೆ. ಆದರೆ ಮಳೆ ನಮಗಷ್ಟೇ ಕಡಿಮೆಯಾಯಿತೇ? ಬೇಲಿಯ ಆ ಕಡೆ ಹುಲ್ಲು ಹಸಿರು, ನಡುಮಧ್ಯಾಹ್ನ ಕಾರಂಜಿಗಳು, ಪ್ರತಿ ಸಂಜೆ ಗಾಲ್ಫ್ ಗಾಡಿಗಳಿಗೆ ಅಭ್ಯಂಜನ. ಈ ಕಡೆ ಕೂಸಿನ ಬಟ್ಟೆ ಒಗೆಯಲು ನಾನು ಮಾರ್ಕಮ್ಮಿನ ಲಾಂಡ್ರಿಗೆ ಕಾರು ಓಡಿಸಬೇಕು. ಅಷ್ಟೂ ಸಾಲದೆಂದು ಕ್ಲಬ್ಬಿನವರು ಇನ್ನೂ ಒಂದು ಬೋರಿಗೆ ಅನುಮತಿ ಕೇಳಿದ್ದಾರೆ. ಅದು ಸಿಕ್ಕರೆ ನಮ್ಮ ಬಾವಿ ಮತ್ತೆ ತುಂಬುವ ಆಸೆ ಬಿಡಬೇಕು. ಬಾವಿ ಇಲ್ಲದ ಮನೆಯಲ್ಲಿ ಇರುವುದು ಹೇಗೆ?

ಇದನ್ನೆಲ್ಲ ಫೋನಿನಲ್ಲಿ ತೋಡಿಕೊಂಡಾಗ ನೀನು ಏನು ಹೇಳಿದೆ ನೆನಪಿದೆಯೇ? ನಿಮ್ಮ ಹೋಟೆಲಿನ ಬೋರುಗಳು ಈಜುಕೊಳಕ್ಕೆ, ಹಾಸಿಗೆಬಟ್ಟೆಗೆ, ಹುಲ್ಲಿಗೆ ಎಂದು ನೀರೆಳೆದೂ ಎಳೆದೂ ಪಕ್ಕದ ಬಾದಾಮಿ ಮರಗಳ ತೋಟದ ಮುದುಕಿಯ ಬಾವಿಗೆ ಸಮುದ್ರದ ಉಪ್ಪು ಹೊಕ್ಕಿತು, ಅವಳೀಗ ಕೊಡ ಹಿಡಿದು ಅಡಿಗೆಮನೆಯ ಹಿಂಬಾಗಿಲಿಗೆ ಬರುತ್ತಾಳೆ ಅಂದೆ. ಆ ನೀರನ್ನು ನೀನೇ ಪರೀಕ್ಷೆ ಮಾಡಿ ನೋಡಿದ್ದಾಗಿ ಹೇಳಿದೆ. ಮರುಗಳಿಗೆಗೇ, "ಅಕ್ಕಾ, ಇದನ್ನ ಯಾರ ಮುಂದೂ ಆಡಬ್ಯಾಡ, ನನ್ನ ನೌಕರಿ ಹೋಗ್ತದ. ಟೂರಿಸ್ಟ್ರು ಬಂದ್ರs ಅಲ್ಲೇನು ನಮ್ಮ ಹೊಟ್ಟಿ ತುಂಬೂದು?" ಅಂದೆ. ನಾನು ಹೂಂ ಅಂದೆ.

ಈಗ ಗಂಗೆಪೂಜೆಯ ಕಥೆ ಕೇಳು. ಬಾಣಂತಿ ಬಾವಿಗೆ ಪೂಜೆ ಮಾಡಿ ಕೊಡ ತುಂಬಿಕೊಂಡು ಬರುವ ದಿನ ಬಂತು. ಬಾವಿ ಒಣಗಿದೆ. ಅಡಿಗೆಮನೆಯ ನಲ್ಲಿಗೇ ಕುಂಕುಮ ಹಚ್ಚೋಣ ಅಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಾಳಿ ಬಿಡೂ ನಳಕ್ಕ ಪೂಜಿ ಮಾಡ್ತೀಯೇನ? ನಮ್ಮ ಗಂಗವ್ವನ್ನ ಅವ್ರು ಎಳಕೊಂಡು ಹೋಗ್ಯಾರಂದ್ರ ಆಕಿ ಇದ್ದಲ್ಲಿಗೇ ಹೋಗೂಣು, ನಡೀರಿ," ಅಂದರು. ನಮ್ಮ ಮನೆಯವರು, ನಿನ್ನ ಮಾಮಾ, ಗಾಬರಿಯಾಗಿ, "ಅವ್ವಾ, ಟ್ರೆಸ್‌ಪಾಸಿಂಗ್ ಆಗ್ತದ, ಪೊಲೀಸ್ರು ಬರ್ತಾರ," ಅಂದರೆ, "ಬರ್ಲಿ, ಅವ್ರಿಗೂ ಒಂದು ಉಂಡಿ ಕೊಡ್ತೀನಿ," ಅಂದರು. ಅರುಂಧತಿ ಇಳಕಲ್ ಸೀರೆ ಉಟ್ಟು, "ಅವ್ವಾ, ದಿಸ್ ಈಸ್ ಸೋ ಎಂಬರಾಸಿಂಗ್," ಅನ್ನುತ್ತಲೇ ಕೊಡ ಹಿಡಿದು ಬೇಲಿ ದಾಟಿದಳು. ಕ್ಲಬ್ಬಿನ ಕೊಳದ ದಂಡೆಯಲ್ಲಿ ಐದು ಕಲ್ಲಿಟ್ಟು, ಅರಿಸಿನ ಕುಂಕುಮ ಏರಿಸಿ, ಕಾಯಿ ಒಡೆದೆವು. ಅಷ್ಟರಲ್ಲಿ ಗಾಡಿಯಲ್ಲಿ ಮ್ಯಾನೇಜರ ಬಂದ. ಬೈಯುತ್ತಾನೆಂದು ನಾವು ಕಾದರೆ ಅವನು, "ಬ್ಯೂಟಿಫುಲ್! ಬ್ಯೂಟಿಫುಲ್!" ಅನ್ನುತ್ತ ಕ್ಯಾಮೆರಾ ತೆಗೆದ. ಅತ್ತೆ ಸೆರಗು ಸರಿಮಾಡಿಕೊಂಡು ನಿಂತರು, ಅವನ ಕೈಗೂ ಪ್ರಸಾದದ ಉಂಡಿ ಇಟ್ಟರು. ಇದರ ಅರ್ಥ ಏನೆಂದು ಅವನು ಕೇಳಿದಾಗ, ಜಗಳ ಬೇಡವೆಂದು ನಿನ್ನ ಮಾಮಾ, "ವಿ ಆರ್ ಥ್ಯಾಂಕಿಂಗ್ ದ ವಾಟರ್," ಅಂದುಬಿಟ್ಟರು. ಸುಳ್ಳೇನಲ್ಲ. ಆದರೆ ಅದು ನಮ್ಮ ನೀರು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾನಾದರೂ ಹೇಳಬಹುದಿತ್ತು. ಮನೆಗೆ ಬಂದು ಎಲ್ಲರೂ ನಕ್ಕೆವು.

ಬುಧವಾರ ಅನುಮತಿಯ ಬಗ್ಗೆ ಊರಿನವರ ಅಭಿಪ್ರಾಯ ಕೇಳುವ ಸಭೆ ಇತ್ತು. ಕ್ಲಬ್ಬಿನ ವಕೀಲ ಮೊದಲು ತೆರೆಯ ಮೇಲೆ ಒಂದು ಫೋಟೋ ಬಿಟ್ಟ. ಗೋಡೆಯಷ್ಟು ದೊಡ್ಡದಾಗಿ ನಮ್ಮ ಅತ್ತೆ, ಕೈಯಲ್ಲಿ ಆರತಿ. ಪಕ್ಕದಲ್ಲಿ ಕೊಡ ಹೊತ್ತ ನನ್ನ ಮಗಳು. "ಬೇಲಿಯ ಪಕ್ಕದ ಮನೆಯವರು ಇವರು. ನಮ್ಮ ಕೊಳಕ್ಕೆ ಕೃತಜ್ಞತೆ ಸಲ್ಲಿಸಲು ತಾವಾಗಿಯೇ ಬಂದಿದ್ದರು," ಅಂದ. ಜನ ಚಪ್ಪಾಳೆ ತಟ್ಟಿದರು, ಪ್ರಮೋದ! ನಮ್ಮ ನೀರು ಕಸಿದವರ ಪರವಾಗಿ ನಮ್ಮ ಗಂಗವ್ವನನ್ನೇ ಸಾಕ್ಷಿಗೆ ನಿಲ್ಲಿಸಿದರು. ಅತ್ತೆಗೆ ಇಂಗ್ಲಿಷ್ ಬಾರದು. ತಮ್ಮ ಚಿತ್ರ ಕಂಡು ಖುಷಿಯಿಂದ ನನ್ನ ಕೈ ಒತ್ತಿ, "ನೋಡs, ಎಷ್ಟ ಛಲೋ ಬಂದದ," ಅಂದರು.

ಆಮೇಲೆ ಅವರ ತಜ್ಞ ಎದ್ದ. ಗಾಲ್ಫ್ ಕ್ಲಬ್ಬು, ಹೋಟೆಲಿನಂಥ ವ್ಯವಹಾರಗಳು ನೀರೆತ್ತುವುದರಿಂದ ನೆರೆಯವರ ಬಾವಿ ಕೆಟ್ಟ ಉದಾಹರಣೆ ಎಲ್ಲಾದರೂ ಇದ್ದರೆ ತೋರಿಸಿ ಎಂದು ಸಭೆಗೇ ಸವಾಲು ಹಾಕಿದ. ನಮ್ಮ ರಸ್ತೆಯವರೆಲ್ಲ ತಲೆ ತಗ್ಗಿಸಿ ಕೂತರು. ಅರ್ಧ ಮಂದಿಯ ಮಕ್ಕಳು ಬೇಸಿಗೆಯಲ್ಲಿ ಆ ಕ್ಲಬ್ಬಿನಲ್ಲೇ ದುಡಿಯುತ್ತಾರೆ. ನಿನ್ನ ಮಾಮಾ ನನ್ನ ಸೆರಗು ಜಗ್ಗಿ, "ಸುಮ್ಕುಂದ್ರ, ಜಯಾ," ಅಂದರು. ನಾನು ಕೂರಲಿಲ್ಲ. ಎದ್ದು ಮಾತಾಡಿದೆ. ತೀರ್ಮಾನವನ್ನು ಮುಂದಿನ ತಿಂಗಳ ಸಭೆಗೆ ಹಾಕಿದ್ದಾರೆ. ಮನೆಗೆ ಬರುವಾಗ ಕಾರಿನಲ್ಲಿ ಅತ್ತೆಗೆ ಆ ಚಪ್ಪಾಳೆಯ ಅರ್ಥ ಹೇಳಿದೆ. ಇಳಿಯುವಾಗ, "ಆ ಹುಡುಗನ ಕೈಗೆ ಉಂಡಿ ಕೊಟ್ಟಿದ್ನಲ್ಲs," ಅಂದರು. ಅಷ್ಟೇ.

ಹೊತ್ತಾಯಿತು, ಕೂಸು ಎದ್ದಿದೆ. ನಿನ್ನ ಮಾಮಾ ನೆನೆದಿದ್ದಾರೆ, ಅರುಂಧತಿ ನಮಸ್ಕಾರ ತಿಳಿಸಿದ್ದಾಳೆ. ಅತ್ತೆಯ ಆಶೀರ್ವಾದ ಯಾವತ್ತೂ ನಿನ್ನ ಮೇಲಿದೆ. ಮೈ ನೋಡಿಕೋ.

ನಿನ್ನ ಅಕ್ಕ,
ಜಯಶೀಲಾ

ತಾ.ಕ.: ಸಭೆಯಲ್ಲಿ ನಾನು ಹೇಳಿದ್ದು ಬಾದಾಮಿ ತೋಟದ ಮುದುಕಿಯ ಬಾವಿಯ ಮಾತು. ಅದನ್ನು ನಿಮಗೆ ಹೇಳಿದವರು ಯಾರು ಅಂತ ಆ ತಜ್ಞ ಕೇಳಿದ. ನಿನ್ನ ಹೆಸರು, ನಿನ್ನ ಕೆಲಸ, ನಿನ್ನ ಹೋಟೆಲಿನ ಹೆಸರು, ಮೂರನ್ನೂ ಹೇಳಿಬಿಟ್ಟೆ. ಇಲ್ಲಿಯ ಪತ್ರಿಕೆಯ ಹುಡುಗಿಯೊಬ್ಬಳು ಬರೆದುಕೊಂಡಿದ್ದಾಳೆ. ಮುಂದಿನ ಸಭೆಗೆ ಮೊದಲು ನಿನಗೆ ಫೋನ್ ಮಾಡುತ್ತಾಳೆ, ನಂಬರು ನಾನೇ ಕೊಟ್ಟೆ. ಅವಳು ಕೇಳುವುದು ಒಂದೇ: ಆ ಬಾವಿ ಉಪ್ಪಾದದ್ದು ನಿಮ್ಮ ಬೋರಿನಿಂದಲೇ? ಹೌದು ಅಂದರೆ ನಿನ್ನ ನೌಕರಿ ಹೋಗಬಹುದು. ಇಲ್ಲ ಅಂದರೆ ಈ ಊರಿನಲ್ಲಿ ನಾನು ಸುಳ್ಳುಗಾರ್ತಿ, ಬಾವಿಯೂ ಹೋಯಿತು. ಏನು ಹೇಳಲಿ ಅಕ್ಕಾ ಅಂತ ಮಾತ್ರ ನನಗೆ ಫೋನ್ ಮಾಡಬೇಡ.