ಹಲಗೆಯ ಮೇಲಿನ ಒಂಬತ್ತು

ಮಾರ್ಚ್ 12, ಮಂಗಳವಾರ

ಪ್ರೀತಿಯ ಅಕ್ಕ,

ನಿನಗೆ ಅನ್ಯಾಯವಾಗಿದೆ. ಎಂಟು ವರ್ಷದ ಹಿಂದೆ, ಹಾಡಹಗಲಲ್ಲಿ, ಸಾವಿರ ಜನರ ಕಣ್ಣೆದುರು ಆಗಿದೆ. ಕ್ಷೇಮ ಸಮಾಚಾರ ಆಮೇಲೆ ಬರೆದರಾಯಿತು, ಮೊದಲು ಈ ಮಾತು ಕಾಗದದ ಮೇಲೆ ಬೀಳಲಿ ಎಂದು ಇದನ್ನೇ ಮುಂದಿಟ್ಟಿದ್ದೇನೆ.

ಈಗ ಕ್ಷೇಮ. ಅಮ್ಮನ ಮಂಡಿನೋವು ಹೋದ ಸಲ ನೀನು ನೋಡಿದಷ್ಟೇ ಇದೆ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸೋಣ, ಕಾಲಿಗೆ ಬಿಡುವಾಗುತ್ತದೆ ಎಂದರೆ, "ಮೋಟಾರಿನ ಸಹವಾಸ ಈ ಮನೆಗೆ ಸಾಕಾಯ್ತು ಕಣೆ" ಎನ್ನುತ್ತಾಳೆ. ನನ್ನ ಕೆಮ್ಮು ಹೋಗಿದೆ. ನಿನ್ನ ಲಕೋಟೆ ಬಂದು ಏಳು ವಾರವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ನಿಜವಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ನಿನ್ನ ಪೆನ್ಸಿಲಿನ ಗೆರೆ ಕಣ್ಣ ಮುಂದೆ ಬಂದು, ಪೆನ್ನು ಕೆಳಗಿಟ್ಟು ಎದ್ದುಬಿಡುತ್ತಿದ್ದೆ. ತಡವಾದದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ.

ಅಚ್ಚುಕೂಟದಲ್ಲಿ ನನಗೀಗ ಎರಡನೆಯ ಯಂತ್ರ ಕೊಟ್ಟಿದ್ದಾರೆ. ನಾನು ಓದಿ ಕಲಿತದ್ದೆಲ್ಲ ಅಲ್ಲಿನ ಯಂತ್ರಗಳ ಬಾಯಿಂದ ಹೊರಬಿದ್ದ ಹಾಳೆಗಳಿಂದಲೇ ಎಂಬುದು ನಿನಗೆ ಗೊತ್ತು. ನೂಲಿನ ಗಿರಣಿಯ ಹೆಂಗಸರ ಕರಪತ್ರ, ಬಂದರಿನ ಹಮಾಲರ ಕರಪತ್ರ, ಮನೆಗೆಲಸದವರಿಗೆ ವಾರದ ರಜೆ ಕೇಳುವ ಕರಪತ್ರ, ಯಾವುದು ಬಂದರೂ ಶಾಯಿ ಆರುವ ಮೊದಲೇ ಓದಿ ಮುಗಿಸುತ್ತೇನೆ. ಕರಡು ತಿದ್ದುವ ಮಾಮ ದಿನಾ ಕೆಣಕುತ್ತಾರೆ: "ಏನಮ್ಮ, ಕ್ರಾಂತಿ ಇವತ್ತು ಎಷ್ಟು ಗಂಟೆಗೆ? ಊಟ ಆದ್ಮೇಲೆ ಅಂದ್ರೆ ನಾನೂ ಬರ್ತೀನಿ." ಅವರು ನಗಲಿ. ದುಡಿದವರ ಹೆಸರು ಒರೆಸಿ ಆಳಿದವರ ಹೆಸರು ಬರೆಯುವುದಕ್ಕಿಂತ ದೊಡ್ಡ ಕಳ್ಳತನ ಈ ಲೋಕದಲ್ಲಿಲ್ಲ ಎಂದು ನಾನು ನಂಬಿದ್ದೇನೆ. ನಿನಗೆ ಆದದ್ದೂ ಅದೇ ಎಂದುಕೊಂಡೇ ಆ ಕರಪತ್ರ ಬರೆದೆ. ತಲೆಬರಹ ನನ್ನದೇ: 'ಅವಳನ್ನು ತಡೆದವರು ಯಾರು?'

ಅದರಲ್ಲಿ ಊರಿಗೆಲ್ಲ ಹೇಳಹೊರಟದ್ದನ್ನು ನಿನಗೆ ಒಮ್ಮೆ ನೇರವಾಗಿ ಬರೆಯುತ್ತೇನೆ. ಗೊತ್ತಿರುವುದೇ ಆದರೂ ಓದು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆ ರೇಸ್ ಟ್ರ್ಯಾಕಿನ ಮೇಲೆ ನಿನ್ನ ಸಮಕ್ಕೆ ಕಾರು ಓಡಿಸುವವರು ಯಾರೂ ಇರಲಿಲ್ಲ. ತಂಗಿಯ ಹೊಗಳಿಕೆ ಎಂದು ತಳ್ಳಿಹಾಕಬೇಡ. ಒಂದು ದಿನ ಅಭ್ಯಾಸದ ನಡುವೆ ನೀನು ಕಾರು ನಿಲ್ಲಿಸಿ, "ಮೂರನೇ ತಿರುವಿನ ಒಳ ಅಂಚಲ್ಲಿ ಒಂದು ಕಲ್ಲು ಹೊಸದಾಗಿ ಬಂದಿದೆ, ತೆಗೆಸಿ" ಅಂದಿದ್ದು ನೆನಪಿದೆಯಾ? ಮೆಕ್ಯಾನಿಕ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹೋಗಿ ನೋಡಿದರೆ ಗೋಲಿಯಷ್ಟು ಕಲ್ಲು ಅಲ್ಲೇ ಕೂತಿತ್ತು. ಆ ವೇಗದಲ್ಲಿ, ಆ ಸದ್ದಿನಲ್ಲಿ, ಗೋಲಿಯಷ್ಟು ಕಲ್ಲು ನಿನ್ನ ಬೆನ್ನಿಗೆ ತಿಳಿದಿತ್ತು! ಅಂದಿನಿಂದ ಅವರು ಯಾವ ಬೋಲ್ಟು ಬಿಗಿಮಾಡಬೇಕಾದರೂ ನಿನ್ನನ್ನೇ ಕೇಳುತ್ತಿದ್ದರು.

ಕಾರುಗಳ ಧಣಿ ಮಾತ್ರ ಹೊಸ ಟೈರುಗಳನ್ನು ತನ್ನ ಸೋದರಳಿಯನಿಗೆ ಹಾಕಿಸಿ, ಅಳಿಯ ಸವೆಸಿ ಬಿಟ್ಟದ್ದನ್ನು ನಿನಗೆ ಹಾಕಿಸುತ್ತಿದ್ದ. ಅಳಿಯನ ಹೆಸರು ಕಾರಿನ ಬಾಗಿಲ ಮೇಲೆ ಬಣ್ಣದಲ್ಲಿತ್ತು, ನಿನ್ನದು ಅಂಟುಪಟ್ಟಿಯ ಮೇಲೆ. ಅದೇ ಸವೆದ ಟೈರಿನಲ್ಲಿ ನೀನು ಅವನನ್ನು ನಾಲ್ಕು ಸಲ ಹಿಂದೆ ಹಾಕಿದೆ. ಇದೆಲ್ಲ ನಿಜ. ಯಾರೆದುರು ಬೇಕಾದರೂ ನಿಂತು ಹೇಳುತ್ತೇನೆ.

ಆಮೇಲೆ ಆ ಭಾನುವಾರ. ದೊಡ್ಡ ತಂಡದವರು ಒಬ್ಬರನ್ನು ಆರಿಸಲು ಬಂದು ಗ್ಯಾಲರಿಯಲ್ಲಿ ಕೂತಿದ್ದರು. ಒಬ್ಬರನ್ನೇ, ಇಬ್ಬರನ್ನಲ್ಲ. ಆಯ್ಕೆಯಾದವರಿಗೆ ಸಮುದ್ರದಾಚೆಯ ಟ್ರ್ಯಾಕುಗಳು. ಒಟ್ಟು ಇಪ್ಪತ್ತು ಸುತ್ತು. ಹದಿನಾರನೆಯ ಸುತ್ತಿನಲ್ಲಿ ನೀನು ಎಲ್ಲರಿಗಿಂತ ಮುಂದೆ, ನಿನ್ನ ಹಿಂದೆ ಅಳಿಯ. ಆಗ ತುಂತುರು ಶುರುವಾಯಿತು. ಅದಕ್ಕೆ ಒಂದು ತಿಂಗಳ ಹಿಂದೆ ಇಂಥದೇ ತುಂತುರಿನಲ್ಲಿ, ಮೊಣಕೈ ತಿರುವಿನಲ್ಲಿ, ನಮ್ಮ ಜೊತೆ ಓಡಿಸುತ್ತಿದ್ದ ಶಿಳ್ಳೆ ಜೀವ ಬಿಟ್ಟಿದ್ದ. ಹೆಲ್ಮೆಟ್ಟಿನೊಳಗೂ ಶಿಳ್ಳೆ ಹಾಕಿಕೊಂಡೇ ಓಡಿಸುತ್ತಾನೆ ಎಂದು ನೀನೇ ಅವನಿಗೆ ಆ ಹೆಸರಿಟ್ಟಿದ್ದೆ.

ಕಾರಿನೊಳಗಿನವರಿಗೆ ಹೊರಗಿನ ಲೋಕವೆಂದರೆ ಟ್ರ್ಯಾಕಿನ ಅಂಚಿನ ಗೋಡೆಯ ಮೇಲೆ ನಾವು ಎತ್ತಿ ಹಿಡಿಯುವ ಹಲಗೆ ಒಂದೇ. ಹಿಂದಿನ ಕಾರು ಎಷ್ಟು ಸೆಕೆಂಡು ದೂರದಲ್ಲಿದೆ, ಎಷ್ಟು ಸುತ್ತು ಉಳಿದಿದೆ, ಎರಡೇ ಅಂಕೆ. ಆ ಅಂಕೆಗಳನ್ನು ನೀನೇ ಎಣ್ಣೆ ಡಬ್ಬದ ತಗಡಿನಲ್ಲಿ ಕತ್ತರಿಸಿ ಹಳದಿ ಬಳಿದಿದ್ದೆ. ಗಡಿಯಾರದ ತಾತ ಸ್ಟಾಪ್‌ವಾಚ್ ನೋಡಿ ಅಂಕೆ ಕೂಗುವರು, ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವರು. ನಾನು ತಗಡನ್ನು ಕೊಕ್ಕೆಗೆ ಸಿಕ್ಕಿಸಿ ಹಲಗೆ ಎತ್ತುವೆ. ಆಗ ನನಗೆ ಹದಿನೇಳು. "ನನ್ನ ತಂಗಿ ಹಿಡಿದ್ರೆ ಮಾತ್ರ ನಾನು ಹಲಗೆ ನೋಡೋದು, ಬೇರೆಯೋರು ಹಿಡಿದ್ರೆ ಕಣ್ಣೂ ಹಾಯ್ಸಲ್ಲ" ಎಂದು ನೀನು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದ್ದೆ. ಆ ಮಾತು ಕೇಳಿ ನಾನು ಒಂದು ವಾರ ನೆಲದ ಮೇಲೆ ನಡೆದಿರಲಿಲ್ಲ.

ಹದಿನೇಳನೆಯ ಸುತ್ತಿನಲ್ಲಿ ಹಲಗೆಯ ಮೇಲೆ ನಿನಗೆ ಕಂಡದ್ದು ಒಂಬತ್ತು. ಮೂರು ಸುತ್ತು ಉಳಿದಿರುವಾಗ ಒಂಬತ್ತು ಸೆಕೆಂಡು ಎಂದರೆ ಗೆದ್ದ ಹಾಗೆಯೇ. ತುಂತುರಿಗೆ ಕನ್ನಡಿ ಮಂಜುಗಟ್ಟಿತ್ತು. ನೀನು ಹಲಗೆ ನಂಬಿ, ಟೈರು ಉಳಿಸಿಕೊಳ್ಳಲು ಮೊಣಕೈ ತಿರುವಿನಲ್ಲಿ ಕಾಲು ಹಗುರ ಮಾಡಿದೆ. ನಿಜವಾಗಿ ಅಳಿಯ ಎರಡೇ ಸೆಕೆಂಡು ಹಿಂದಿದ್ದ. ನಿನಗೆ ಮತ್ತೆ ಹಲಗೆ ಕಾಣುವ ಮೊದಲೇ ಅದೇ ತಿರುವಿನಲ್ಲಿ ಒಳಗಿನಿಂದ ನುಗ್ಗಿ ಹೋದ. ಆಮೇಲೆ ನೀನು ಎಷ್ಟು ಹೊಡೆದಾಡಿದರೂ ಆ ಟೈರಿಗೆ ಕೈಲಾಗಲಿಲ್ಲ.

ಶೆಡ್ಡಿಗೆ ಬಂದವಳು ನೀನು ಗ್ಲೌಸು ಕೂಡ ಬಿಚ್ಚದೆ ತಾತನ ಪುಸ್ತಕ ತೆಗೆದುಕೊಂಡು ಪುಟ ನೋಡಿದೆ. ಆಮೇಲೆ ನನ್ನ ಮುಖ ನೋಡಿದೆ. ಅಷ್ಟರಲ್ಲಿ ಧಣಿ ಬಂದ.

"ಏನಮ್ಮಾ ಇದು, ಗೆದ್ದ ಆಟ! ಅಲ್ಲಿ ಯಾಕೆ ಕಾಲೆತ್ತಿದೆ?"

"ಹೆದರಿಕೆ ಆಯ್ತು ಸಾರ್" ಎಂದು ನೀನು ಹೇಳಿದೆ.

"ನಾನು ಮೊದಲೇ ಹೇಳಿರ್ಲಿಲ್ವಾ?" ಎಂದು ಅವನು ಸುತ್ತ ನಿಂತವರನ್ನು ನೋಡಿದ. 'ಹೆದರಿಕೆ' ಎಂಬ ಆ ಒಂದು ಮಾತನ್ನು ಜನ ನಿನ್ನ ಹೆಸರಿಗೆ ಬಾಲದ ಹಾಗೆ ಕಟ್ಟಿದರು. ಎಲ್ಲಿ ಹೋದರೂ 'ಓ, ಆ ಹೆದರಿದವಳಾ?' ಆಮೇಲೆ ಎರಡು ವರ್ಷ ನೀನು ಅವರಿವರ ಕಾರುಗಳನ್ನು ಪರೀಕ್ಷೆಗೆ ಓಡಿಸಿಕೊಟ್ಟೆ. ನೀನು ಹದಕ್ಕೆ ತಂದ ಕಾರಿನಲ್ಲಿ ಬೇರೆಯವರು ಗೆದ್ದರು. ಈಗ ಡ್ರೈವಿಂಗ್ ಶಾಲೆ.

ಕಳೆದ ವರ್ಷ ನಿನ್ನಲ್ಲಿಗೆ ಬಂದಾಗ ಪಾಠದ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನೂ ಕೂರಿಸಿಕೊಂಡಿದ್ದೆಯಲ್ಲ, ಆವತ್ತು ಕಲಿಯುತ್ತಿದ್ದವನು ಆ ಬ್ಯಾಂಕಿನ ಗುಮಾಸ್ತ. ಕ್ಲಚ್ಚು ಹಿಡಿದು ಬೆವರುತ್ತ ಕೇಳಿದ: "ಮೇಡಂ, ನಿಮಗೆ ಜೋರಾಗಿ ಓಡ್ಸೋಕೆ ಬರುತ್ತಾ?" "ಏನೋ ಸ್ವಲ್ಪ" ಎಂದು ನೀನು ನಕ್ಕೆ. ನಾನು ಮುಂದೆ ಬಗ್ಗಿ ನೋಡಿದೆ. ಪಕ್ಕದ ಸೀಟಿನಲ್ಲಿ ನಿನ್ನ ಕಾಲ ಬಳಿ ಒಂದು ಬ್ರೇಕು ಮಾತ್ರ ಇತ್ತು. ವೇಗ ಕೊಡುವ ಪೆಡಲ್ ಇರಲಿಲ್ಲ. ಆವತ್ತು ಮಧ್ಯಾಹ್ನ ನನಗೇಕೆ ಊಟ ಸೇರಲಿಲ್ಲ ಎಂದು ನೀನು ಕೇಳಿದ್ದೆ. ಈಗ ಹೇಳಿದೆ.

ಬರುವ ಭಾನುವಾರ ಆ ಟ್ರ್ಯಾಕಿಗೆ ಇಪ್ಪತ್ತೈದು ವರ್ಷ. ಹತ್ತು ಗಂಟೆಗೆ ಸಮಾರಂಭ, ಧಣಿಗೆ ಸನ್ಮಾನ. ಗೇಟಿನಲ್ಲಿ ನಿಂತು ಹಂಚಲು ಐನೂರು ಕರಪತ್ರ ಅಚ್ಚು ಹಾಕಿ, ಒಂದನ್ನು ನಿನ್ನ ಒಪ್ಪಿಗೆಗೆ ಕಳಿಸಿದ್ದೆ. ನೀನು ವಾಪಸು ಕಳಿಸಿದಾಗ ಅದರಲ್ಲಿ ಒಂದೇ ಒಂದು ಸಾಲನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೆ: 'ಧಣಿಯ ಮಾತು ಕೇಳಿ ಗಡಿಯಾರ ಹಿಡಿದವನು ತಪ್ಪು ಸಮಯ ಕೂಗಿದ.' ಪಕ್ಕದಲ್ಲಿ ಒಂದಕ್ಷರವೂ ಬರೆದಿರಲಿಲ್ಲ.

ಮಾಮ ಅದನ್ನು ನೋಡಿದರು. "ನಿಮ್ಮಕ್ಕ ಒಳ್ಳೇ ಕರಡು ತಿದ್ದೋಳು ಕಣಮ್ಮ. ಎಲ್ಲಾನೂ ಬಿಟ್ಟು ಒಂದೇ ಸಾಲು ಹಿಡಿದಿದ್ದಾಳೆ ಅಂದ್ರೆ ಅದನ್ನ ಇನ್ನೊಂದ್ಸಲ ಓದ್ಕೋ" ಎಂದರು. ಆ ದಿನ ಕ್ರಾಂತಿಯ ಸಮಯ ಕೇಳಲಿಲ್ಲ.

ಅಮ್ಮನಿಗೆ ಈ ಕರಪತ್ರವೇ ಬೇಡ. "ಹಳೇದನ್ನ ಯಾಕೆ ಕೆದಕ್ತೀಯ? ನನ್ನ ಮಗಳು ಮನೆಗೆ ಬಂದಳು. ಆ ಶಿಳ್ಳೆಯ ತಾಯಿಗೆ ಅದೂ ಇಲ್ಲ" ಎಂದು ಮತ್ತೆ ಹೊಲಿಗೆ ಯಂತ್ರದ ಪೆಡಲ್ ತುಳಿಯಲು ಶುರುಮಾಡಿದಳು. ನಾನು ಜಗಳಕ್ಕೆ ಹೋಗಲಿಲ್ಲ. ನಾನು ಜಗಳಕ್ಕೆ ಹೋಗದಿದ್ದರೆ ಮೈಯಲ್ಲಿ ಹುಷಾರಿಲ್ಲ ಎಂದು ಅವಳು ತಿಳಿಯುತ್ತಾಳೆ. ಹಣೆ ಮುಟ್ಟಿ ನೋಡಿದಳು.

ಕುತ್ತಿಗೆಯ ನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡ. ದೊಡ್ಡವಳು ನೀನು, ಹರಸಬೇಕಾದವಳೂ ನೀನೇ. ಆದರೂ ಈ ಸಲ ನಾನೇ ಹಾರೈಸುತ್ತೇನೆ: ನಿನ್ನ ಹತ್ತಿರ ಕಲಿತವರು ಯಾರೂ ಯಾರಿಗೂ ಗುದ್ದದಿರಲಿ, ನಿನ್ನ ದಾರಿ ಒಣಗಿರಲಿ, ನಿನ್ನ ಕಾಲಿಗೆ ಒಂದು ದಿನವಾದರೂ ಆ ಇನ್ನೊಂದು ಪೆಡಲ್ ಮತ್ತೆ ಸಿಗಲಿ.

ನಿನ್ನ ತಂಗಿ

ಮ.ಸೂ.: ಮರೆತು ಬಿಟ್ಟ ಮಾತಲ್ಲ ಇದು. ಮೇಲಿನ ಪುಟಗಳಲ್ಲಿ ಸುತ್ತಿ ಸುತ್ತಿ ತಪ್ಪಿಸಿಕೊಂಡ ಮಾತು.

ನೀನು ಹೊಡೆದ ಸಾಲು ಸುಳ್ಳು. ತಾತ ಎರಡು ಎಂದೇ ಕೂಗಿದರು. ಎರಡರ ತಗಡು ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಒಂಬತ್ತನ್ನು ಹಾಕಿದವಳು ನಾನು. ವಾಚಿನ ಮೇಲೆ ಕಣ್ಣಿಟ್ಟಿದ್ದ ತಾತ ಅದನ್ನು ನೋಡಲಿಲ್ಲ. ಯಾರೂ ಹೇಳಿಕೊಡಲಿಲ್ಲ, ಧಣಿ ಆಗ ಹತ್ತಿರದಲ್ಲೂ ಇರಲಿಲ್ಲ. ಶಿಳ್ಳೆಯ ಒಂದು ಬೂಟು ಮೊಣಕೈ ತಿರುವಿನ ಹುಲ್ಲಿನಲ್ಲಿ ಬಿದ್ದಿದ್ದನ್ನು ನಾನು ಕಂಡಿದ್ದೆ. ಆ ಭಾನುವಾರ ಬೆಳಗ್ಗೆ ಅಮ್ಮ ಬಾಗಿಲಲ್ಲಿ ನನ್ನ ಮಣಿಕಟ್ಟು ಹಿಡಿದು, "ಗೆಲ್ಲೋದು ಗಿಲ್ಲೋದು ನಂಗೆ ಬೇಡ, ಅವಳನ್ನ ಮನೆಗೆ ಕರ್ಕೊಂಡು ಬಾ" ಎಂದಿದ್ದಳು. ತುಂತುರು ಬಿದ್ದಾಗ ನನ್ನ ಕಣ್ಣಿಗೆ ಆ ಬೂಟು ಬಿಟ್ಟು ಬೇರೇನೂ ಕಾಣಲಿಲ್ಲ. ಒಂಬತ್ತು ಕಂಡರೆ ನೀನು ನಿಧಾನ ಮಾಡುತ್ತೀಯ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಹಲಗೆ ಹಿಡಿದದ್ದು ನಾನು.

ನೀನು ಸೋತು ಬಂದಾಗ ನನಗೆ ಸಂತೋಷವಾಯಿತು, ಅಕ್ಕ. ಜೀವಂತ ಬಂದಳಲ್ಲ ಎಂದು ಟೈರುಗಳ ರಾಶಿಯ ಹಿಂದೆ ಹೋಗಿ ಅತ್ತು ಬಂದೆ. ಅಷ್ಟರಲ್ಲಿ ತಾತನ ಪುಸ್ತಕದಲ್ಲಿ ಎರಡು ಎಂದಿರುವುದನ್ನು ನೀನು ನೋಡಿದ್ದೆ, ನನ್ನ ಮುಖವನ್ನೂ ನೋಡಿದೆ. ನೋಡಿ, ಧಣಿಯ ಕಡೆ ತಿರುಗಿ ಹೆದರಿಕೆಯಾಯಿತು ಎಂದುಬಿಟ್ಟೆ. ಹೆದರಿದವಳು ನಾನು. ಆ ಹೆಸರನ್ನು ನೀನು ಎಂಟು ವರ್ಷ ಹೊತ್ತೆ. ನಾನು ಧಣಿಯ ಮೇಲೆ, ಲೋಕದ ಮೇಲೆ ಕೂಗಾಡುತ್ತ, ನನ್ನ ಕೂಗಿನಲ್ಲೇ ನನ್ನನ್ನು ಅಡಗಿಸಿಕೊಂಡೆ.

ಇನ್ನೂ ಒಂದಿದೆ. ಚಳಿಗಾಲದಲ್ಲಿ ತಾತ ಸಿಕ್ಕಿದ್ದರು. ಈಗ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾರೆ. ಜೇಬಿನಿಂದ ಅದೇ ವಾಚು ತೆಗೆದು ತೋರಿಸಿದರು. "ನಾನು ಎರಡು ಅಂದೆ ತಾಯಿ. ನಿಜವಾಗ್ಲೂ ಎರಡಿದ್ದಿದ್ರೆ ಆ ಹುಡುಗಿ ಬಿಟ್ಕೊಡ್ತಿರ್ಲಿಲ್ಲ. ಅರ್ಧ ಸೆಕೆಂಡೇ ಇತ್ತೋ ಏನೋ, ನನ್ನ ವಾಚೇ ಕೆಟ್ಟಿರ್ಬೇಕು. ಮೂರು ಕಡೆ ತೋರ್ಸಿದೆ, ಎಲ್ರೂ ಸರಿಯಾಗಿದೆ ಅಂತಾರೆ" ಎಂದರು. ನಾನು "ಇರಬಹುದು ತಾತ" ಎಂದೆ. ಮನೆಗೆ ಬಂದು ಆ ಸಾಲು ಬರೆದೆ. ದುಡಿಯುವವರ ಪರ ಎಂದು ಎದೆ ತಟ್ಟಿಕೊಳ್ಳುವವಳು ಬರೆದ ಮೊದಲ ಕರಪತ್ರದಲ್ಲೇ ಒಬ್ಬ ಮುದುಕನ ಪ್ರಾಮಾಣಿಕ ದುಡಿಮೆಯನ್ನು ಕದ್ದಿದ್ದೆ.

ಆ ಐನೂರನ್ನೂ ನಿನ್ನೆ ಕತ್ತರಿಸುವ ಯಂತ್ರಕ್ಕೆ ಹಾಕಿದೆ. ಮಾಮ ತಾವೇ ಅದರ ಹಿಡಿ ಎಳೆದರು. ಈಗ ಹೊಸದಾಗಿ ಅಚ್ಚಾಗಿದೆ. ತಲೆಬರಹ ಅದೇ, ಟೈರು, ಅಂಟುಪಟ್ಟಿ ಎಲ್ಲ ಹಾಗೇ ಇವೆ. ನೀನು ಹೊಡೆದ ಜಾಗದಲ್ಲಿ ಮಾತ್ರ, 'ಎರಡರ ಬದಲು ಒಂಬತ್ತು ತೋರಿಸಿದವಳು ಅವಳ ತಂಗಿ. ಹೆದರಿದ್ದವಳೂ ತಂಗಿಯೇ' ಎಂದಿದೆ. ಹತ್ತು ಗಂಟೆಗೆ ಗೇಟಿನಲ್ಲಿ ಅದನ್ನು ಹಂಚುತ್ತೇನೆ. ಅದಕ್ಕೂ ಮೊದಲು ತಾತನಿಗೆ ಬಾಯಿಬಿಟ್ಟು ಹೇಳಬೇಕು. ನೀನು ಬಾರದಿದ್ದರೂ ಹೇಳುತ್ತೇನೆ. ಬಂದರೆ ನನ್ನ ಪಕ್ಕದಲ್ಲಿ ನಿಲ್ಲು ಎಂದು ಕೇಳುವ ಮುಖ ನನಗಿಲ್ಲ, ಎದುರಿಗಾದರೂ ನಿಲ್ಲು. ನಿನ್ನ ಕಡೆಯ ಮೊದಲ ಬಸ್ಸು ಏಳು ಮುಕ್ಕಾಲಿಗೆ ಬರುತ್ತದೆ. ತಾತನ ಟಿಕೆಟ್ ಕಿಟಕಿಯ ಮುಂದೆ ನಾನಿರುತ್ತೇನೆ. ಅದು ತೆರೆಯುವುದು ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ.