ಮುನ್ನಿಬೀ ಮನೆಯ ತಲಬಾಗಿಲು

ಸುರಪುರ
೯ ಡಿಸೆಂಬರ್ ೨೦೨೪, ಸೋಮವಾರ

ನನ್ನ ಮುದ್ದಿನ ತಮ್ಮ ಸಂಗಮನಾಥನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಕೋಲು ಹಿಡಿಯಲು ನಾಚಿಕೊಂಡು ಗೋಡೆ ಹಿಡಿದು ಓಡಾಡುತ್ತೀಯಂತೆ, ಕಸ್ತೂರಿ ಹೇಳಿದಳು. ಕಟ್ಟಿಕೊಂಡ ಹೆಂಡತಿಯ ಮಾತು ಕೇಳದಿದ್ದರೂ ಎತ್ತಿ ಆಡಿಸಿದ ಅಕ್ಕನ ಮಾತಾದರೂ ಕೇಳು, ಕೋಲು ಹಿಡಿ. ನಾವಿಲ್ಲಿ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಅಪ್ಪನ ಫೋಟೋ ಸಂಗ್ರಹವನ್ನು ನಿನ್ನೆ ಜನರಿಗೆ ತೆರೆದೆವು. ನಮ್ಮ ಹತ್ತಿ ಗಿರಣಿಯ ಹಳೇ ಕಚೇರಿಗೆ ಸುಣ್ಣ ಹೊಡೆಸಿ, ನನ್ನ ಮೊಮ್ಮಗಳು ದಾನೇಶ್ವರಿ ಗೋಡೆ ತುಂಬ ಜೋಡಿಸಿದ್ದಾಳೆ. ಸುರಪುರದ ಹಳೇ ಮನೆಗಳು, ಕೆತ್ತನೆಯ ಕಂಬಗಳು, ಕಲ್ಲಿನ ಕಮಾನುಗಳು, ಪ್ರತಿ ಮನೆಯ ಮುಂದೂ ಸಾಲಾಗಿ ನಿಂತ ಅಲ್ಲಿನ ಜನ. ನೀನು ಮಾಡಿಸಿ ಕಳಿಸಿದ ಫಲಕವೂ ಬಂತು: "ಊರಿನ ಹಳೇ ಕಟ್ಟಡಗಳನ್ನು ಉಳಿಸಿದ ಸಾಹುಕಾರ ಸೂಗಪ್ಪನವರು." ಅಕ್ಷರ ಚೆಂದ ಬಂದಿವೆ. ಆದರೆ ಅದನ್ನು ತೂಗುಹಾಕಲಿಲ್ಲ. ಸಿಟ್ಟಾಗುವ ಮೊದಲು ಪೂರ್ತಿ ಓದು.

ಫೋಟೋದ ಮನೆಗಳನ್ನು ಕಣ್ಣಾರೆ ನೋಡಿ ಬರುತ್ತೇನೆಂದು ದಾನೇಶ್ವರಿ ಊರೆಲ್ಲ ಸುತ್ತಿದಳು. ಒಂದೂ ಸಿಗಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಬಂದು, "ಆಯಿ, ಎಲ್ಲಾ ಕಡಿ ನಮ್ಮವೇ ಅಂಗಡಿ, ನಮ್ಮವೇ ಗೋದಾಮು ಅದಾವ" ಎಂದಳು. ನಿನಗೂ ನೆನಪಿರಬೇಕು, ಅಪ್ಪ ಆ ಮನೆಗಳನ್ನು ಕೊಂಡದ್ದು ಸಾಗವಾನಿಗೆ, ಕಲ್ಲಿಗೆ, ಜಾಗಕ್ಕೆ. ಕೆಡವುವ ಹಿಂದಿನ ದಿನ ಶಹಾಪುರದಿಂದ ಫೋಟೋದವನನ್ನು ಕರೆಸುತ್ತಿದ್ದ. ಬಾಗಿಲಿಗೆ ಕೀಲಿ ಹಾಕಿಸಿ, ಮನೆಯವರನ್ನು ಕಟ್ಟೆಯ ಮೇಲೆ ನಿಲ್ಲಿಸಿ ಫೋಟೋ ತೆಗೆಸಿ, ಕೀಲಿಕೈ ಈಸಿಕೊಂಡು ಬರುತ್ತಿದ್ದ. ಆ ಮನೆಗಳ ಮೇಲೆ ಅವನಿಗೆ ಪ್ರೀತಿಯಿದ್ದದ್ದು ಸುಳ್ಳಲ್ಲ. ಊಟಕ್ಕೆ ಕೂತರೆ ಆ ಕಂಬಗಳ ಕೆತ್ತನೆಯನ್ನೇ ವರ್ಣಿಸುತ್ತ ಸಾರು ಆರಿಸಿಬಿಡುತ್ತಿದ್ದ. ಅವನ್ನು ಕೆಡವಿಸಿದ್ದೂ ಸುಳ್ಳಲ್ಲ. ಅಪ್ಪನನ್ನು ಕಂಡರೆ ನನಗೆ ಇವತ್ತಿಗೂ ನಿನ್ನಷ್ಟೇ ಜೀವ, ಆದರೂ ಇಲ್ಲದ್ದನ್ನು ಗೋಡೆಗೆ ಹಚ್ಚಲು ಮನಸ್ಸು ಒಪ್ಪಲಿಲ್ಲ.

ನಿನ್ನೆ ಗಿರಣಿ ಹಿಂದಿನ ಓಣಿಯ ಮುನ್ನಿಬೀ ಬಂದಿದ್ದಳು. ನಿನ್ನ ಓರಗೆಯವಳು, ಹುಣಸೆಕಾಯಿಗಾಗಿ ನಿನ್ನ ಜುಟ್ಟು ಜಗ್ಗಿದವಳು. ಒಂದು ಫೋಟೋದ ಮುಂದೆ ನಿಂತವಳು ಕದಲಲೇ ಇಲ್ಲ. ಅದರಲ್ಲಿ ತನ್ನ ಅಬ್ಬನ ಕೈ ಹಿಡಿದು ನಿಂತ ಪುಟ್ಟ ಹುಡುಗಿ ಅವಳೇ. "ಅಕ್ಕಾರ, ಫೋಟೋ ಆದಮ್ಯಾಲ ಒಳಗ ಹೋಗ್ತೀವಂತ ತಿಳಕೊಂಡಿದ್ದೆ. ಸೀದಾ ನಮ್ಮ ಖಾಲಾ, ಚಿಗವ್ವನ ಮನಿಗಿ ಕರಕೊಂಡು ಹೋದ್ರು" ಎಂದಳು. ಫೋಟೋದಲ್ಲಿ ಅವಳ ಹಿಂದಿರುವ ಬಾಗಿಲಿನ ಬಲಗಡೆಯ ಕದದಲ್ಲಿ ಒಂದು ಹಿತ್ತಾಳೆ ಹೂವು ಉದುರಿಹೋಗಿದೆ. ಯಾವ ಬಾಗಿಲೆಂದು ನಿನಗೆ ಗೊತ್ತಾಗಿರುತ್ತದೆ. ಯಾದಗಿರಿಯಲ್ಲಿ ಮನೆ ಕಟ್ಟಿಸಿದಾಗ ನೀನು ಗೋದಾಮಿನಿಂದ ಒಯ್ದ ತಲಬಾಗಿಲು, ಪ್ರತಿ ದೀಪಾವಳಿಗೆ ಯಾರಿಗೂ ಮುಟ್ಟಗೊಡದೆ ನೀನೇ ಎಣ್ಣೆ ಹಚ್ಚುವಂಥದ್ದು. ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಫೋಟೋದ ಬಾಗಿಲ ಮೇಲೆ ಬೆರಳಾಡಿಸಿ, "ಚಲೋ ಆತ್ ಬಿಡ್ರಿ, ಒಲಿಗಿ ಹೋಗಲಿಲ್ಲಲ್ಲ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ, ತಮ್ಮಾ.

ನಿನ್ನ ಫಲಕದ ಜಾಗದಲ್ಲಿ ಈಗ ದಾನೇಶ್ವರಿ ಬರೆದದ್ದಿದೆ: "ಸಾಹುಕಾರ ಸೂಗಪ್ಪನವರು ಪ್ರೀತಿಸಿದ, ಕೆಡವಿಸಿದ ಮನೆಗಳು." ಪ್ರತಿ ಫೋಟೋದ ಕೆಳಗೆ ಆ ಮನೆಯವರ ಹೆಸರಿದೆ. ಬೈಯುವುದಿದ್ದರೆ ನನ್ನನ್ನು ಬೈ, ಹುಡುಗಿಗೆ ಏನೂ ಅನ್ನಬೇಡ. ಕಸ್ತೂರಿಗೆ, ಮಕ್ಕಳಿಗೆ ನನ್ನ ಹರಕೆ ತಿಳಿಸು. ನಿನ್ನ ಕಾಲಿಗೆ ಬೇಗ ಬಲ ಬರಲಿ, ಎದುರಿಗೆ ಬಂದೇ ಜಗಳಾಡುವಿಯಂತೆ.

ನಿನ್ನ
ಪಾರ್ವತಿ ಅಕ್ಕ

ತಾ.ಕ.: ಮುನ್ನಿಬೀಯನ್ನು ಕರೆದುಕೊಂಡು ಭಾನುವಾರ ನಿನ್ನ ಮನೆಗೆ ಬರುತ್ತಿದ್ದೇನೆ. ಅವಳಾಗಿ ಕೇಳಲಿಲ್ಲ, ನಾನೇ ಒಪ್ಪಿಸಿದೆ. ಬಾಗಿಲು ಬಿಚ್ಚಿ ಕೊಡು ಎನ್ನುವುದಿಲ್ಲ, ಹೆದರಬೇಡ. ನೀನು ಎದ್ದು ಬಂದು ಹೊಸ್ತಿಲಲ್ಲಿ ನಿಂತು "ಬರ್ರಿ, ಬರ್ರಿ" ಎನ್ನಬೇಡ, ಅಷ್ಟೇ. ಒಳಗೇ ಕೂತಿರು. ಚಿಲಕ ಹಾಕದೆ ಬಾಗಿಲನ್ನು ಬರೀ ಮುಂದೆ ಮಾಡಿಡು. ಅವಳೇ ತೆರೆದು ಒಳಗೆ ಬರಲಿ.